ಸಣ್ಣಾಳುಗಳು ಬಂದ ವರ್ಷ ಅವ್ವ ಸತ್ತದ್ದು

ಆ ಊರಿನಲ್ಲಿ ಹಾಡು ಆಗದೆ ಏನೂ ಆಗುತ್ತಿರಲಿಲ್ಲ. ಉಂಡವರು ಉಂಡ ಹಾಡು ಕೇಳಿಸುವ ತನಕ ಹಸಿದೇ ಇರುತ್ತಿದ್ದರು. ಸೀನು ಬಂದವನು ಸೀನಿನ ಹಾಡು ಬರುವವರೆಗೆ ಮೂಗು ಮೇಲೆತ್ತಿ, ಬಾಯಿ ತೆರೆದು, ನಡುಬೀದಿಯಲ್ಲಿ ಕಾದು ನಿಂತಿರುತ್ತಿದ್ದ. ತಾಳಿ ಕಟ್ಟಿದರೂ ಮದುವೆಯ ಹಾಡು ಆಗದಿದ್ದರೆ ಅದು ಮದುವೆಯಲ್ಲ. ಒಬ್ಬರ ಕೊರಳಿಗೆ ಇನ್ನೊಬ್ಬರು ದಾರ ಕಟ್ಟಿದ್ದು, ಅಷ್ಟೆ. ಸಾಯುವವರು ಕೂಡ ಸಾವಿನ ಹಾಡು ಮುಗಿದ ಮೇಲೆಯೇ ಸಾಯುತ್ತಿದ್ದರು. ಹೀಗೇಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಬೇರೆ ಊರುಗಳಲ್ಲಿ ಹಾಡಿಲ್ಲದೆಯೇ ಸೀನುತ್ತಾರಂತೆ ಎಂದು ಯಾರಾದರೂ ಸುದ್ದಿ ತಂದರೆ, "ಥೂ, ನಾಚಿಕೆಗೆಟ್ಟವರು" ಎನ್ನುತ್ತಿದ್ದರು.

ಆ ಹಾಡನ್ನು ಯಾರೂ ಬಾಯಿಂದ ಹಾಡುವಂತಿರಲಿಲ್ಲ. ಊರ ನಡುವೆ ಒಂದು ದುಂಡನೆಯ ಮನೆ. ಅದಕ್ಕೆ ಮಿದುಳುಮನೆ ಎಂದು ಹೆಸರು. ಅದಕ್ಕೊಂದೇ ಕಿಟಕಿ. ಒಳಗೆ ಊರಿನ ಮದ್ದಳೆ, ನಾಗಸ್ವರ, ತಂಬೂರಿಗಳೆಲ್ಲ ಇದ್ದವು, ಅವನ್ನು ನುಡಿಸಲು ದೊಡ್ಡಾಳುಗಳು ಇದ್ದರು. ದೊಡ್ಡಾಳುಗಳೆಂದರೆ ಭತ್ತದ ಕಣಜದಂಥ ಗಂಡಸರು. ಕಿಟಕಿಯಲ್ಲಿ ನಿಂತು "ಮದುವೆ ಮೆರೆಸು" ಎಂದರೆ ಸಾಕು, ಯಾವ ವಾದ್ಯ ಎಲ್ಲಿ ಏಳಬೇಕು, ಎಲ್ಲಿ ತಗ್ಗಬೇಕು, ಮಾವನವರು ಮುನಿಸಿಕೊಂಡರೆ ಎಷ್ಟು ಹೊತ್ತು ಎಳೆಯಬೇಕು ಎಂಬುದೆಲ್ಲ ಆ ಒಂದು ಅಪ್ಪಣೆಯಲ್ಲೇ ಅವರಿಗೆ ತಿಳಿಯುತ್ತಿತ್ತು. ಆದರೆ ನುಡಿಸುತ್ತ ನುಡಿಸುತ್ತ ಅವರು ಕಾದ ಹಂಚಿನಂತೆ ಬಿಸಿಯಾಗುತ್ತಿದ್ದರು. ಊರಿನವರು ಸರದಿಯ ಮೇಲೆ ನಿಂತು ಬೀಸಣಿಗೆ ಬೀಸಬೇಕು. ಎಷ್ಟೋ ಸಲ ಹಾಡಿಗಿಂತ ಬೀಸಣಿಗೆಯ ಸದ್ದೇ ಜೋರಾಗಿ ಕೇಳುತ್ತಿತ್ತು. ಮಿದುಳುಮನೆಯ ಹೊರಗೋಡೆಗೆ ಹೆಂಗಸರು ಹಪ್ಪಳ ಅಂಟಿಸಿ ಹೋಗುತ್ತಿದ್ದರು. ಒಂದು ಹಾಡು ಮುಗಿಯುವುದರೊಳಗೆ ಹಪ್ಪಳ ಸುಟ್ಟೇ ಸಿಗುತ್ತಿತ್ತು.

ದೊಡ್ಡಾಳುಗಳಿಗೆ ಹಾಡು ಕಟ್ಟಿಕೊಡುವವಳು ಪದಗಾರ್ತಿ. ಅವಳಿಗಿಂತ ಮೊದಲು ಅವಳ ಅವ್ವ ಕಟ್ಟುತ್ತಿದ್ದಳು. ಅವ್ವನಿಗೆ ವಯಸ್ಸಾಗಿ ಕೆಲಸ ಮಗಳಿಗೆ ಬಂದಿತ್ತು, ತಪ್ಪು ಹುಡುಕುವ ಕೆಲಸ ಮಾತ್ರ ಅವ್ವನ ಹತ್ತಿರವೇ ಉಳಿದಿತ್ತು. ಮಗಳು ಹೊಸ ಆಕಳಿಕೆಯ ಹಾಡು ಕಟ್ಟಿದರೆ, ಇಡೀ ಊರು ಸುಖವಾಗಿ ಆಕಳಿಸಿ ಮಲಗಿದರೂ, ಅವ್ವ ಜಗಲಿಯಲ್ಲಿ ಕೂತು, "ಬಾಯಿ ತೆರೆಯೋದು ಚೆನ್ನಾಗಿದೆ. ಮುಚ್ಚೋದು ಒಂದಿಷ್ಟು ಅವಸರ ಆಯ್ತು" ಎನ್ನುತ್ತಿದ್ದಳು.

"ನೀನೊಬ್ಬಳೇ ಹಾಗೆ ಹೇಳೋದು ಅವ್ವಾ."

"ನಾನೊಬ್ಬಳೇ ಕೇಳೋದು."

ಹೀಗಿರುವಾಗ ಮಿದುಳುಮನೆಯ ಒಡೆಯ ಕಟ್ಟೆಯ ಮೇಲೆ ನಿಂತ. ಅವನು ವರ್ಷಕ್ಕೊಮ್ಮೆ ಮಡಿಕೆ ಕೆಡದ ಶಾಲು ಹೊದ್ದು ಕಟ್ಟೆ ಹತ್ತುತ್ತಿದ್ದ. ಹತ್ತಿದಾಗೆಲ್ಲ, ಇಂಥದ್ದು ಹಿಂದೆಂದೂ ಆಗಿರಲಿಲ್ಲ ಎನ್ನುತ್ತಿದ್ದ, ಊರಿನವರು ಚಪ್ಪಾಳೆಯ ಹಾಡು ಹಾಕಿಸಿ ಚಪ್ಪಾಳೆ ತಟ್ಟುತ್ತಿದ್ದರು.

"ಇನ್ನು ಮೇಲೆ ದೊಡ್ಡಾಳುಗಳು ಬೇಡ. ಸಣ್ಣಾಳುಗಳು ಬಂದಿದ್ದಾರೆ. ಬೆವರೋದಿಲ್ಲ, ಬಿಸಿಯಾಗೋದಿಲ್ಲ. ಬೆಳಿಗ್ಗೆ ಒಂದು ಹಿಡಿ ಮಂಡಕ್ಕಿ ತಿಂದರೆ ದೀಪ ಹಚ್ಚೋ ತನಕ ದುಡೀತಾರೆ. ಬೀಸಣಿಗೆ ಬಿಸಾಡಿ!"

ಜನ ಸಂಭ್ರಮದಿಂದ ಬೀಸಣಿಗೆ ಬಿಸಾಡಿದರು. ಅದು ಬೇಸಿಗೆ. ಸ್ವಲ್ಪ ಹೊತ್ತಿಗೆ ತಮಗೇ ಸೆಕೆಯಾಗಿ, ಯಾರೂ ನೋಡದಂತೆ ತಮ್ಮ ತಮ್ಮದನ್ನು ಹೆಕ್ಕಿಕೊಂಡರು.

ಕಟ್ಟೆಯ ಹಿಂದಿನಿಂದ ಸಣ್ಣಾಳುಗಳು ಬಂದರು. ಜೋಳದ ದಂಟಿನಂತೆ ತೆಳ್ಳಗಿದ್ದರು, ಮಡಕೆಯ ನೀರಿನಂತೆ ತಣ್ಣಗಿದ್ದರು. ಕಣ್ಣು ಮಿಟುಕಿಸುವುದರಲ್ಲಿ ಒಬ್ಬ ಇಲ್ಲಿಂದ ಅಲ್ಲಿಗೆ ಹೋಗಿ ಬಂದಿರುತ್ತಿದ್ದ. ಹೋದನೋ ಇಲ್ಲವೋ ಎಂದು ಜನ ತಮ್ಮತಮ್ಮಲ್ಲೇ ವಾದ ಮಾಡಬೇಕಿತ್ತು.

"ಅವರಿಗೆ ನಮ್ಮ ಅಪ್ಪಣೆ ತಿಳೀತದಾ?" ಎಂದು ಪದಗಾರ್ತಿ ಕೇಳಿದಳು.

"ತಿಳಿಯದೆ ಏನು? ನಾಲ್ಕು ಮಾತು ಬರ್ತದೆ. ತಗೋ, ಇಡು, ಕೂಡು, ಕಳೆ."

"ಮದುವೆ ಮೆರೆಸು ಅಂದರೆ?"

"ಅದಕ್ಕೆ ದುಬಾಷಿಯನ್ನ ಇಟ್ಟಿದೀನಿ" ಎಂದು ಒಡೆಯ, ಉದ್ದ ಕೊರಳಿನ ಒಬ್ಬ ಸಾಧು ಮನುಷ್ಯನನ್ನು ಮುಂದೆ ತಳ್ಳಿದ. "ನೀವು ಹಳೇ ಹಾಡನ್ನೇ ಹೇಳಿ. ಇವನು ಅದನ್ನ ಒಡೆದು ಒಡೆದು ಸಣ್ಣ ಮಾತು ಮಾಡಿ ಅವರ ಕಿವಿಗೆ ಹಾಕ್ತಾನೆ. ನಿಮಗೆ ಏನೂ ಗೊತ್ತೇ ಆಗೋದಿಲ್ಲ. ಆದರೆ ಇವನು ಬರೋ ಬೇಸಿಗೆವರೆಗೆ ಮಾತ್ರ. ಅಷ್ಟರಲ್ಲಿ ನಿಮ್ಮ ನಿಮ್ಮ ಹಾಡನ್ನ ನೀವೇ ಸಣ್ಣ ಮಾತಿನಲ್ಲಿ ಹೊಸದಾಗಿ ಕಟ್ಟಿಕೊಳ್ಳಿ."

ದೊಡ್ಡಾಳುಗಳು ಒಬ್ಬರ ಹಿಂದೊಬ್ಬರು ಹೊರಗೆ ಬಂದರು. ಊರಾಚೆಯ ಕೆರೆಗೆ ಹೋಗಿ, ಎಮ್ಮೆಗಳ ಪಕ್ಕದಲ್ಲಿ, ಕುತ್ತಿಗೆಯವರೆಗೆ ನೀರಿಗೆ ಇಳಿದು ಕೂತರು. ಕೆರೆಯಿಂದ ಸ್ವಲ್ಪ ಹೊತ್ತು ಆವಿ ಎದ್ದಿತು.

ಒಡೆಯ ಹೇಳಿದಂತೆ ಗೊತ್ತಾಗದೆ ಏನಿರಲಿಲ್ಲ. ದುಬಾಷಿ ಅಪ್ಪಣೆ ಕೇಳಿ, ಒಡೆದು, ಪಿಸುಗುಟ್ಟುವಷ್ಟರಲ್ಲಿ ಎಲೆಅಡಿಕೆಯ ರಸ ನುಂಗುವಷ್ಟು ಹೊತ್ತು ತಡವಾಗುತ್ತಿತ್ತು. ಉಂಡವರು ಕೈತೊಳೆದು ಎದ್ದು ನಿಂತು, ಹಸಿವಾಗಿ, ಮತ್ತೆ ಕೂರುವಷ್ಟರಲ್ಲಿ ಹೊಟ್ಟೆ ತುಂಬುತ್ತಿತ್ತು. ಆದರೂ ಜನ ಹೊಂದಿಕೊಂಡರು. ಸೀನು ಸ್ವಲ್ಪ ತಡವಾದರೆ ಯಾರಿಗೆ ನಷ್ಟ?

ಅದೇ ವಾರ ಅವ್ವ ಹಲಸಿನ ತೊಳೆ ತಿಂದು, ಕೈಗೆ ಎಣ್ಣೆ ಹಚ್ಚಿ ಅಂಟು ತೆಗೆದುಕೊಂಡು, "ಸಾಕು ಇನ್ನು" ಎಂದು ಮಲಗಿದಳು. ಮಗಳು ಮುಟ್ಟಿ ನೋಡಿದಳು. ಅಳುತ್ತಲೇ ಓಡಿಹೋಗಿ ಮಿದುಳುಮನೆಯ ಕಿಟಕಿಯಲ್ಲಿ ಸಾವಿನ ಹಾಡಿನ ಅಪ್ಪಣೆ ಹೇಳಿದಳು. "ಕಳಿಸಿಕೊಡು" ಎಂಬುದು ಆ ಅಪ್ಪಣೆ. ದುಬಾಷಿ ತಲೆಬಾಗಿ ಕೇಳಿ, ಒಡೆಯತೊಡಗಿದ.

ಆದರೆ ಸಾವಿನ ಹಾಡು ಸೀನಿನಂತೆ ತಡ ತಾಳುವ ಹಾಡಲ್ಲ. ಮದ್ದಳೆಯ ಪೆಟ್ಟು ಬೀಳುತ್ತಲೇ ಉಸಿರು ಎದ್ದು ಹೊಸ್ತಿಲು ದಾಟಬೇಕು, ದಾಟುತ್ತಿದ್ದಂತೆ ನಾಗಸ್ವರ ಬಂದು ಕೈಹಿಡಿಯಬೇಕು. ಮದ್ದಳೆ ಬಂತು, ಅವ್ವನ ಉಸಿರು ಹೊಸ್ತಿಲಾಚೆ ಬಂದು ನಿಂತಿತು, ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಕರೆದೊಯ್ಯಲು ಯಾರೂ ಇಲ್ಲ. ಕರೆದದ್ದು ತನ್ನನ್ನಲ್ಲವೇನೋ ಎಂದುಕೊಂಡು ಒಳಗೆ ಹಿಂದಿರುಗಿತು. ನಾಗಸ್ವರ ಬರುವಷ್ಟರಲ್ಲಿ ಅವ್ವ ಚಟ್ಟದ ಮೇಲೆ ಎದ್ದು ಕೂತಿದ್ದಳು.

"ಏನೇ ಇದು? ಮದ್ದಳೆ ಇಂದು, ನಾಗಸ್ವರ ನಾಳೆ" ಎಂದಳು.

ಅಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಹೂವು ತಂದವರು ಹೂವನ್ನು ಬೆನ್ನ ಹಿಂದೆ ಅಡಗಿಸಿದರು.

"ಅವ್ವಾ, ಬದುಕಿದೀಯಾ?"

"ಇಲ್ಲ ಕಣೇ. ಸತ್ತಿದೀನಿ. ಆದರೆ ಆಗಿಲ್ಲ."

ಪದಗಾರ್ತಿ ಅವಳನ್ನು ತಬ್ಬಿಕೊಂಡಳು. ಅವ್ವನ ಮೈ ಸಣ್ಣಾಳುಗಳಷ್ಟೇ ತಣ್ಣಗಿತ್ತು, ಒಣಗಿದ ಸೋರೆಬುರುಡೆಯಷ್ಟು ಹಗುರವಾಗಿತ್ತು. ಕಾಫಿ ಕೊಟ್ಟರೆ ಕುಡಿದಳು. ರುಚಿ ಬಾಯಿಗೆ ಬಂತು, ಗಂಟಲಿಗೆ ಹೋಗಲಿಲ್ಲ. "ಹೇಗಿದೆ ಅವ್ವಾ?" ಎಂದರೆ, "ನೆಂಟರ ಮನೆಯಿಂದ ಹೊರಟು ನಿಂತಿದೀನಿ, ಚಪ್ಪಲಿ ಹಾಕ್ಕೊಂಡಾಗಿದೆ, ಅವರು ಬಾಗಿಲಲ್ಲಿ ಮಾತು ಮುಗಿಸ್ತಿಲ್ಲ. ಹಾಗಿದೆ" ಎಂದಳು.

ಊರಿನ ಮದ್ದಳೆಗಾರ ಮುಂದೆ ಬಂದ. ಪದಗಾರ್ತಿಯ ಹಾಡುಗಳಿಗೆ ಮದ್ದಳೆಯ ಭಾಗವನ್ನೆಲ್ಲ ಕಟ್ಟಿಕೊಡುವವನು ಅವನು. ಹೊಸದು ಏನು ಬಂದರೂ ಮೊದಲು ತನ್ನದಾಗಬೇಕು ಎನ್ನುವ ಆಸಾಮಿ. "ನಾನು ಆಗಲೇ ಸಣ್ಣ ಮಾತಿನಲ್ಲಿ ಕಟ್ಟಿಬಿಟ್ಟೆ. ನಿಮ್ಮ ನಾಗಸ್ವರ ಹಳೇ ಮಾತಿನಲ್ಲೇ ಇರಲಿ. ನನ್ನ ಮದ್ದಳೆ ನೇರ ಹೋಗ್ತದೆ, ನಿಮ್ಮದು ದುಬಾಷಿ ಕಡೆಯಿಂದ ಬರ್ತದೆ. ಎರಡೂ ಕೂಡಿದರೆ ಆಯ್ತು" ಎಂದ.

ಎರಡೂ ಕೂಡಲಿಲ್ಲ. ಒಂದೇ ಹಾಡಿನಲ್ಲಿ ಹಳೆಯ ಮಾತೂ ಹೊಸ ಮಾತೂ ಒಟ್ಟಿಗೆ ಬಂದದ್ದೇ ತಡ, ಸಣ್ಣಾಳುಗಳು ಅರ್ಧ ಜನ ದುಬಾಷಿಯ ಕಡೆಗೆ ತಿರುಗಿದರು, ಅರ್ಧ ಜನ ಮದ್ದಳೆಗಾರನ ಕಡೆಗೆ ತಿರುಗಿದರು, ಒಬ್ಬರಿಗೊಬ್ಬರು ಹಣೆ ಹೊಡೆದುಕೊಂಡರು. ಮಿದುಳುಮನೆಯ ಕಿಟಕಿ ಧಡಾರನೆ ಮುಚ್ಚಿಕೊಂಡಿತು. ಊರಿನಲ್ಲಿ ಆ ಹೊತ್ತಿಗೆ ಆಗುತ್ತಿದ್ದದ್ದೆಲ್ಲ ಹಾಗೆಹಾಗೇ ನಿಂತಿತು. ನಗುತ್ತಿದ್ದವನು ಹಲ್ಲು ಬಿಟ್ಟುಕೊಂಡೇ ಉಳಿದ. ಒಡೆಯ ಬಂದು ಕಿಟಕಿಗೆ ಒದ್ದು ತೆರೆಸಿದ ಮೇಲೆ ನೋಡಿದರೆ, ಅವ್ವನ ಎಡಗಾಲು ಮಾತ್ರ ಸತ್ತಿತ್ತು.

"ಹೋಗಲಿ ಬಿಡು, ಮಂಡಿನೋವು ಇದ್ದದ್ದು ಆ ಕಾಲಿಗೇ" ಎಂದಳು ಅವ್ವ.

ಉಪಾಯ ಒಂದೇ ಉಳಿಯಿತು. ಸಾವಿನ ಹಾಡನ್ನು ಪದಗಾರ್ತಿ ಪೂರ್ತಿಯಾಗಿ ಸಣ್ಣ ಮಾತಿನಲ್ಲಿ ಹೊಸದಾಗಿ ಕಟ್ಟಬೇಕು. ಅವಳು ಸೆರಗು ಸಿಕ್ಕಿಸಿ ಕೂತಳು. ತಗೋ, ಇಡು, ಕೂಡು, ಕಳೆ. ಅಂಗೈ ತಗೋ, ಮದ್ದಳೆಯ ಮೇಲೆ ಇಡು. ಉಸಿರು ತಗೋ, ನಾಗಸ್ವರದಲ್ಲಿ ಇಡು. ಒಂದು ಬೆರಳು ಕೂಡು, ಒಂದು ಬೆರಳು ಕಳೆ. ಬೆಟ್ಟವನ್ನು ಸಾಸಿವೆ ಮಾಡಿ ಎಣಿಸಿದ ಹಾಗಿತ್ತು ಆ ಕೆಲಸ. ಆದರೂ ಅವಳು ಹಿಡಿದರೆ ಬಿಡುವವಳಲ್ಲ. ಮೊದಲು ಸೀನಿನ ಹಾಡನ್ನು ಕಟ್ಟಿದಳು, ಅಭ್ಯಾಸಕ್ಕೆ ಎಂದು. ಊರು ತಡವಿಲ್ಲದೆ ಸೀನಿತು, ಎಲ್ಲರೂ ಹೊಗಳಿದರು. ಆಮೇಲೆ ಉಣ್ಣುವ ಹಾಡು. ಆಮೇಲೆ ಮದುವೆಯ ಹಾಡು. ದಾರ ಕಟ್ಟಿಕೊಂಡು ಕಾಯುತ್ತಿದ್ದ ಗಂಡು ಹೆಣ್ಣು ಕಡೆಗೂ ಗಂಡ ಹೆಂಡತಿಯಾದರು. ಆಮೇಲೆ ಬಿಕ್ಕಳಿಕೆ. ಆಮೇಲೆ ಮಗು ಮಗ್ಗುಲಾಗುವ ಹಾಡು. ಆಮೇಲೆ ಬೆಕ್ಕು ಮೈಮುರಿಯುವ ಹಾಡು. ಬೆಕ್ಕುಗಳು ಅದನ್ನು ಬೇಕೆಂದು ಕೇಳಿರಲಿಲ್ಲ.

ಈ ನಡುವೆ ಊರಿನಲ್ಲಿ ಬೇರೆಯವರೂ ಸತ್ತರು. ಸತ್ತರು, ಆದರೆ ಆಗಲಿಲ್ಲ. ಗಾಣದ ಮನೆಯ ಮಾವ ಚಟ್ಟದಿಂದ ಎದ್ದು ಬಂದು, ಅವ್ವನ ಜಗಲಿಯಲ್ಲಿ ಕೂತ. ಬಳೆಗಾರ್ತಿ ಬಂದಳು. ಮಗ್ಗಿ ಹೇಳಿಸುತ್ತಿದ್ದ ಮೇಷ್ಟ್ರು ಬಂದರು. ಅವರಿಗೆ ನಿದ್ದೆ ಬರುವಂತಿಲ್ಲ, ಹಸಿವು ತೀರುವಂತಿಲ್ಲ, ಮನೆಯಲ್ಲಿದ್ದರೆ ಮನೆಯವರಿಗೆ ಅಳಲೂ ಆಗದು, ನಗಲೂ ಆಗದು. ಜಗಲಿಯಲ್ಲಿ ಚೌಕಾಬಾರದ ಮನೆ ಬರೆದು ಕವಡೆ ಹಾಕತೊಡಗಿದರು. ಸತ್ತವರಾದ್ದರಿಂದ ಯಾರಿಗೂ ಸೋಲುವ ಹೆದರಿಕೆ ಇರಲಿಲ್ಲ, ಆಟ ಮುಗಿಯುತ್ತಲೇ ಇರಲಿಲ್ಲ.

ಗಾಣದ ಮನೆಯ ಸೊಸೆ ಬಂದು ಪದಗಾರ್ತಿಯ ಬಾಗಿಲಲ್ಲಿ ನಿಂತಳು. "ತಾಯೀ, ನಮ್ಮ ಮಾವನ್ನ ಯಾವಾಗ ಕಳಿಸಿಕೊಡ್ತೀಯ? ತಿಥಿ ಮಾಡೋಣ ಅಂದರೆ, ತಿಥಿ ಊಟಕ್ಕೆ ಅವರೇ ಬಂದು, ವಡೆಗೆ ಉಪ್ಪು ಕಡಿಮೆ ಅಂತಾರೆ."

"ಬರೋ ಹುಣ್ಣಿಮೆಗೆ ಆಗ್ತದೆ" ಎಂದಳು ಪದಗಾರ್ತಿ.

ಹುಣ್ಣಿಮೆ ಬಂತು. ಅವಳು ತೂಕಡಿಸುವ ಹಾಡನ್ನು ಕಟ್ಟಿ ಕೊಟ್ಟಳು. "ಸಾವಿನದು ಕಷ್ಟ. ಬರೋ ಹುಣ್ಣಿಮೆಗೆ" ಎಂದಳು. ಮುಂದಿನ ಹುಣ್ಣಿಮೆ ಬಂತು. ತೂಕಡಿಸಿ ಬೆಚ್ಚಿ ಏಳುವ ಹಾಡನ್ನು ಕಟ್ಟಿ ಕೊಟ್ಟಳು.

ಒಂದು ಮಧ್ಯಾಹ್ನ ಮಿದುಳುಮನೆಯ ಒಡೆಯ ಆ ದಾರಿಯಲ್ಲಿ ಬಂದು ಜಗಲಿಯವರನ್ನು ನೋಡಿ ಕೈಮುಗಿದ. "ಎಲ್ಲಾ ಸುಗಮವಾಗಿದೆ ಅಲ್ಲವೇ? ನಿಮಗೆ ಬದಲಾದದ್ದು ಗೊತ್ತೇ ಆಗಿಲ್ಲ ಅಲ್ಲವೇ?"

"ಏನೂ ಇಲ್ಲಪ್ಪ" ಎಂದಳು ಅವ್ವ. "ಸತ್ತದ್ದೂ ಗೊತ್ತಾಗಿಲ್ಲ."

ಒಡೆಯ ಅದನ್ನು ಮೆಚ್ಚುಗೆ ಎಂದುಕೊಂಡು ಹೋದ.

ಬೇಸಿಗೆ ಹತ್ತಿರವಾಯಿತು. ದುಬಾಷಿ ಪದಗಾರ್ತಿಯ ಮನೆಗೆ ಬಂದ. ಇಡೀ ವರ್ಷ ಪಿಸುಗುಟ್ಟಿ ಪಿಸುಗುಟ್ಟಿ ಅವನ ತುಟಿ ಬಾತಿತ್ತು. ನೀರು ಕೊಟ್ಟರೆ ಮೊದಲು ಅದನ್ನು ಗುಟುಕು ಗುಟುಕಾಗಿ ಒಡೆದು, ಆಮೇಲೆ ಕುಡಿದ, ಅಭ್ಯಾಸ ಬಲ.

"ನಾನು ಹೊರಟೆ ಅಮ್ಮ. ನನ್ನ ವಾಯಿದೆ ಮುಗೀತು. ನಾಳಿಂದ ಹಳೇ ಮಾತಿನ ಹಾಡು ಯಾವುದೂ ನಡೆಯೋದಿಲ್ಲ. ನಿಮ್ಮ ಸಾವಿನ ಹಾಡು ಒಂದೇ ಉಳಿದಿದೆ ಅಂತ ಹೇಳೋಣ ಅಂತ ಬಂದೆ."

"ಇನ್ನೊಂದು ಸ್ವಲ್ಪ ದಿನ ಇರೋದಕ್ಕಾಗಲ್ಲವಾ?"

"ಇದ್ದು ಏನು ಮಾಡಲಿ? ನಾನು ಇದ್ದಷ್ಟು ದಿನ ನೀವು ಕಟ್ಟೋದಿಲ್ಲ" ಎಂದ ದುಬಾಷಿ, ಬಯ್ಯುವ ದನಿಯಲ್ಲಿ ಅಲ್ಲ. ಜಗಲಿಯವರಿಗೆಲ್ಲ ಕೈಮುಗಿದು, ಚೌಕಾಬಾರದ ಒಂದು ಕಾಯಿ ತಪ್ಪು ಮನೆಯಲ್ಲಿದೆ ಎಂದು ತೋರಿಸಿ, ಹೊರಟುಹೋದ.

ಅವನು ಹೋದ ಮೇಲೆ ಅವ್ವ ಎಡಗಾಲನ್ನು ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದಳು. ಮಗಳು ಮುಖ ತಿರುಗಿಸಿ ಕೂತು ಏನನ್ನೋ ಗುನುಗುತ್ತಿದ್ದಳು.

"ಏನು ಕಟ್ತಿದೀಯ?"

"ತುರಿಕೆ ಹಾಡು."

"ಅದು ಕಟ್ಟಿದ್ದೆಯಲ್ಲ."

"ಅದು ಕೈ ತುರಿಕೆ. ಇದು ಬೆನ್ನಿನದು."

ಅವ್ವ ಅವಳ ಎದುರಿಗೆ ಕೂತಳು. "ಬೆನ್ನಿನ ತುರಿಕೆಗೆ ಹಾಡಿದೆ, ಬೆಕ್ಕಿನ ಮೈಮುರಿತಕ್ಕೆ ಹಾಡಿದೆ. ನಿಮ್ಮವ್ವನಿಗೆ ಮಾತ್ರ ಹಾಡಿಲ್ಲ."

"ಅದು ಕಷ್ಟ ಅವ್ವಾ."

"ಕಷ್ಟ ಅಲ್ಲ, ಕಳ್ಳಾಟ."

ಪದಗಾರ್ತಿಗೆ ಸಿಟ್ಟು ಬಂತು. "ಹೌದು, ಕಳ್ಳಾಟವೇ. ಏನೀಗ? ಕಟ್ಟಿದ ದಿನ ನೀನು ಹೋಗ್ತೀಯ. ನನ್ನ ಕೈಯಾರೆ ಕಟ್ಟಿ, ನನ್ನ ಬಾಯಾರೆ ಹೇಳಿ, ನಿನ್ನನ್ನ ಕಳಿಸಬೇಕು. ಯಾರ ಮಗಳಿಗೆ ಇಂಥ ಕೆಲಸ ಬಂದಿತ್ತು ಹೇಳು?"

"ನನಗೆ ಬಂದಿತ್ತು" ಎಂದಳು ಅವ್ವ. "ನಮ್ಮವ್ವನಿಗೆ ಅಂತ ಆ ಹಾಡನ್ನ ನಾನೇ ಹೊಸದಾಗಿ ಕಟ್ಟಿದ್ದು. ಅದೂ ಹದಿನಾರು ಕಡೆ ಕೆಟ್ಟಿತ್ತು, ಪಾಪ, ಏನೂ ಅನ್ನದೆ ಹೋದಳು. ನಾನು ಹಾಗೆ ಹೋಗುವವಳಲ್ಲ. ನನಗೆ ಚೆನ್ನಾಗಿರೋದೇ ಬೇಕು. ಹೂಂ, ಶುರು ಮಾಡು."

ಮಗಳು ಕಣ್ಣೊರೆಸಿಕೊಂಡು ಶುರು ಮಾಡಿದಳು. ಅವ್ವ ಪಕ್ಕದಲ್ಲೇ ಕೂತು ಒಂದೊಂದನ್ನೂ ಕೇಳಿದಳು. ಇಲ್ಲಿ ಒಂದು ಬೆರಳು ಹೆಚ್ಚಾಯ್ತು, ಕಳೆ. ಇಲ್ಲಿ ತಂಬೂರಿ ತಗೋ. ಇಲ್ಲಿ ಯಾಕೆ ಅಳ್ತಿದೀಯ, ಇಡು. ಜಗಲಿಯವರು ಕವಡೆ ಬಿಟ್ಟು ಕಿಟಕಿಯಲ್ಲಿ ಇಣುಕಿದರು. ಬಹಳ ದಿನ ಕೂತು ಕೂತು ಹಾಡು ಮುಗಿಯಿತು.

ಎಲ್ಲರೂ ಮೆರವಣಿಗೆಯಂತೆ ಮಿದುಳುಮನೆಗೆ ಹೋದರು. ಅವ್ವ ಚಟ್ಟದ ಮೇಲೆ ಮಲಗಿ ಕಣ್ಣು ಮುಚ್ಚಿದಳು. ಹೊಸ ಹಾಡನ್ನು ಮೊದಲ ಸಲ ಕಿಟಕಿಯಲ್ಲಿ ಬಾಯಿಂದಲೇ ಹೇಳಬೇಕು. ಆಮೇಲೆ ಹೆಸರು ಹೇಳಿದರೆ ಸಾಕು. ಪದಗಾರ್ತಿ ಒಂದೊಂದೇ ಮಾತು ಹೇಳುತ್ತ ಹೋದಳು, ಸಣ್ಣಾಳುಗಳು ತಲೆದೂಗುತ್ತ ಕಲಿತರು. ಕಲಿತು, ನುಡಿಸಿದರು.

"ಟಪ್" ಎಂದಿತು. ಅಷ್ಟೆ.

ಅವ್ವ ಒಂದು ಕಣ್ಣು ತೆರೆದಳು. "ಶುರುವಾಗ್ತದಾ?"

"ಮುಗೀತು ಅವ್ವಾ."

"ಏನು ಮುಗೀತು? ನಾನಿನ್ನೂ ಸೆರಗು ಸರಿ ಮಾಡ್ಕೊಂಡಿರಲಿಲ್ಲ!"

ಮದ್ದಳೆ, ನಾಗಸ್ವರ, ತಂಬೂರಿ ಎಲ್ಲವೂ ಇದ್ದವು, ಒಂದೂ ತಪ್ಪಿರಲಿಲ್ಲ. ಆದರೆ ಸಣ್ಣಾಳುಗಳು ಇಡೀ ಸಾವನ್ನು ಸಾಸಿವೆ ಸಿಡಿಯುವಷ್ಟರಲ್ಲಿ ನುಡಿಸಿ ಮುಗಿಸಿ ಕೈಕಟ್ಟಿ ನಿಂತಿದ್ದರು. ಉಸಿರಿಗೆ ಎದ್ದು ನಿಲ್ಲಲು ಕೂಡ ಹೊತ್ತು ಸಿಕ್ಕಿರಲಿಲ್ಲ. ಸೀನಿಗೆ, ಬಿಕ್ಕಳಿಕೆಗೆ ಈ ಅವಸರ ಒಪ್ಪಿತ್ತು. ಮದುವೆಯವರೂ ಬೇಗ ಮುಗಿದರೆ ಸಾಕೆಂದು ಸುಮ್ಮನಿದ್ದರು. ಇದಕ್ಕೆ ಒಪ್ಪಲಿಲ್ಲ.

ಪದಗಾರ್ತಿ ಹಳೆಯ ಹಾಡನ್ನು ಮನಸ್ಸಿನಲ್ಲಿ ಹಿಂದೆ ಮುಂದೆ ತಿರುವಿ ನೋಡಿದಳು. ಅದರಲ್ಲಿ ನಿಲ್ಲಬೇಕೆಂಬ ಅಪ್ಪಣೆ ಎಲ್ಲೂ ಇರಲಿಲ್ಲ. ಆದರೂ ಅದು ಎಷ್ಟು ಸಾವಕಾಶದ ಹಾಡಾಗಿತ್ತು! ಅವಳು ಕೆರೆಗೆ ಹೋದಳು. ದೊಡ್ಡಾಳುಗಳು ನೀರಿನಲ್ಲೇ ಇದ್ದರು. ಒಬ್ಬನ ತಲೆಯ ಮೇಲೆ ಕೊಕ್ಕರೆ ಕೂತಿತ್ತು.

"ಅಣ್ಣಾ, ಕಳಿಸಿಕೊಡೋ ಹಾಡಿನಲ್ಲಿ ನೀವು ಎಲ್ಲೆಲ್ಲಿ ನಿಲ್ಲಿಸ್ತಿದ್ದಿರಿ?"

"ನಾವು ನಿಲ್ಲಿಸ್ತಿರಲಿಲ್ಲ ತಾಯಿ."

"ನಿಂತದ್ದು ನನ್ನ ಕಿವಿಗೆ ಕೇಳಿದೆ."

ಕೊಕ್ಕರೆಯವನು ಯೋಚಿಸಿದ. "ಏದುಸಿರು ಬಿಡ್ತಿದ್ವಿ, ಅಷ್ಟೇ. ಮೈ ಭಾರ ನೋಡಿ. ಎಲ್ಲಿ ಅಂತ ಕೇಳಬೇಡಿ. ಸುಸ್ತಾದಲ್ಲಿ."

ಪದಗಾರ್ತಿ ಕೆರೆಯ ಏರಿಯ ಮೇಲೆ ಕೂತುಬಿಟ್ಟಳು. ತಲೆತಲಾಂತರದಿಂದ ಊರಿನವರು ಸಾವಿನ ಹಾಡಿನ ಆ ಬಿಡುವುಗಳಲ್ಲಿ ಕಣ್ಣೊರೆಸಿಕೊಂಡಿದ್ದರು, ಸತ್ತವರ ಕೈ ಹಿಡಿದಿದ್ದರು, ಹೇಳದೆ ಉಳಿದದ್ದನ್ನು ಕಿವಿಯಲ್ಲಿ ಹೇಳಿದ್ದರು. ಆ ಬಿಡುವನ್ನು ಯಾರೂ ಕಟ್ಟಿರಲಿಲ್ಲ. ಅದು ದಪ್ಪ ಗಂಡಸರ ಏದುಸಿರು. ಅವಳಿಗೆ ಮೊದಲು ನಗು ಬಂತು. ಆಮೇಲೆ ಇನ್ನು ಮುಂದೆ ಆ ಬಿಡುವನ್ನೂ ತಾನೇ ಕಟ್ಟಬೇಕು ಎಂಬುದು ತಿಳಿದು ನಗು ನಿಂತಿತು.

ಕಿಟಕಿಗೆ ಬಂದು ಸಣ್ಣಾಳುಗಳಿಗೆ, "ಇಲ್ಲಿ ಕಾಯಿ" ಎಂದಳು. ಒಬ್ಬ ಥಟ್ಟನೆ ಹೋಗಿ ತೆಂಗಿನಕಾಯಿ ತಂದಿಟ್ಟ.

"ಅದಲ್ಲಪ್ಪ. ಕಾಯಿ. ಸುಮ್ಮನೆ ಇರು."

ಇನ್ನೊಬ್ಬ ಇನ್ನೂ ಒಂದು ಕಾಯಿ ತಂದ. ಸುಮ್ಮನೆ ಇರುವುದು ಅವರ ಮಾತಿನಲ್ಲಿ ಇರಲಿಲ್ಲ. ತಗೋ, ಇಡು, ಕೂಡು, ಕಳೆ, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಬಾಗಿಲ ಮುಂದೆ ತೆಂಗಿನಕಾಯಿಯ ರಾಶಿ ಬಿದ್ದ ಮೇಲೆ ಪದಗಾರ್ತಿ ಮಂಡಕ್ಕಿಯ ತಟ್ಟೆ ತರಿಸಿದಳು. "ಒಂದು ಮಂಡಕ್ಕಿ ತಗೋ. ಇಡು. ಅದನ್ನೇ ತಗೋ. ಇಡು. ತಗೋ. ಇಡು." ಸಣ್ಣಾಳು ಮಂಡಕ್ಕಿ ತಗೊಂಡ, ಇಟ್ಟ, ತಗೊಂಡ, ಇಟ್ಟ. ಅವನು ಬಹಳ ಕೆಲಸ ಮಾಡುತ್ತಿದ್ದ. ಹಾಡು ಮಾತ್ರ ನಿಂತಿತ್ತು.

"ಹಾಂ" ಎಂದಳು ಚಟ್ಟದ ಮೇಲಿನಿಂದ ಅವ್ವ. "ಈಗ ಬಂತು ದಾರಿಗೆ."

ಎಲ್ಲಿ ಎಷ್ಟು ಮಂಡಕ್ಕಿ ಎಂಬುದರ ಮೇಲೆ ತಾಯಿ ಮಗಳು ಜಗಳವಾಡಿದರು. ಮಗಳು ಎಲ್ಲ ಕಡೆಯೂ ತುಂಬ ತುಂಬ ಹಾಕುತ್ತಿದ್ದಳು. ಒಂದು ಕಡೆಯಂತೂ ಮೂಟೆಗಟ್ಟಲೆ. ಅವ್ವ, "ಇಷ್ಟು ಹೊತ್ತು ನಿಲ್ಲಿಸಿದರೆ ಉಸಿರು ಹೊಸ್ತಿಲಲ್ಲೇ ಹಾಸಿಗೆ ಹಾಸಿ ಮಲಗ್ತದೆ, ಕಳೆ" ಎನ್ನುತ್ತಿದ್ದಳು. ಮಗಳು ಕಳೆಯುತ್ತಿದ್ದಳು, ಅವ್ವ ಅತ್ತ ತಿರುಗಿದಾಗ ಒಂದು ಹಿಡಿ ಕೂಡುತ್ತಿದ್ದಳು. ಜಗಲಿಯವರೂ ಬಾಯಿ ಹಾಕಿದರು. ತನ್ನ ಸೊಸೆ ನಿಧಾನದವಳು, ಅವಳಿಗೆ ಅಳು ಬರಲು ಇನ್ನಷ್ಟು ಮಂಡಕ್ಕಿ ಬೇಕಾದೀತು ಎಂದ ಗಾಣದ ಮಾವ. ಮೇಷ್ಟ್ರಿಗೆ ಅಳುವವರು ಯಾರೂ ಇರಲಿಲ್ಲ. ಆದರೂ ತನಗೂ ಅಷ್ಟೇ ಇರಲಿ, ಸುಮ್ಮನೆ ಕೇಳಿಸಿಕೊಳ್ಳುತ್ತೇನೆ ಎಂದರು.

ಕಡೆಗೆ ಒಂದು ಬೆಳಿಗ್ಗೆ ಹಾಡು ಸಿದ್ಧವಾಯಿತು. ಬಿಸಿಲು ಎಳೆಯದಿತ್ತು. ಊರೆಲ್ಲ ಮಿದುಳುಮನೆಯ ಮುಂದೆ ನೆರೆಯಿತು. ಹೋಗಬೇಕಾದವರೆಲ್ಲ ತಲೆ ಬಾಚಿಕೊಂಡು ಸಾಲಾಗಿ ಕೂತರು. ಮದ್ದಳೆಗಾರ, ಮೊದಲು ಗಾಣದ ಮಾವನ ಮೇಲೆ ನೋಡೋಣ, ತಪ್ಪಿದರೆ ಸರಿ ಮಾಡಬಹುದು ಎಂದ.

"ಮೊದಲು ನಾನು. ಕೆಟ್ಟರೆ ನನ್ನ ಸಾವು ಕೆಡಲಿ. ಪರರದ್ದು ಯಾಕೆ?" ಎಂದಳು ಅವ್ವ.

ಪದಗಾರ್ತಿ ಕಿಟಕಿಯಲ್ಲಿ ನಿಂತು ಹೇಳಲು ಶುರುಮಾಡಿದಳು. ಹಾಡು ಉದ್ದವಾದ್ದರಿಂದ ಸಣ್ಣಾಳುಗಳು ಈ ಸಲ ಪೂರ್ತಿ ಕಲಿತ ಮೇಲಲ್ಲ, ಅವಳು ಹೇಳಿದ ಹಾಗೇ ನುಡಿಸುತ್ತ ಹೋದರು. ಅಂಗೈ ತಗೋ. ಇಡು. ಮದ್ದಳೆ ಒಮ್ಮೆ ಮೊಳಗಿತು. ಸಣ್ಣಾಳುಗಳು ಮಂಡಕ್ಕಿ ಎತ್ತಿ ಇಡತೊಡಗಿದರು. ಆ ಬಿಡುವಿನಲ್ಲಿ ಊರು ಸದ್ದಿಲ್ಲದೆ ನಿಂತಿತು. ಗಾಣದ ಮನೆಯ ಸೊಸೆ ಆಗಲೇ ಅಳುತ್ತಿದ್ದಳು, ಯಾರೂ ಅಷ್ಟು ಬೇಗ ನಿರೀಕ್ಷಿಸಿರಲಿಲ್ಲ. ಉಸಿರು ತಗೋ. ಇಡು. ನಾಗಸ್ವರ ಎದ್ದಿತು, ತಡವಾಗಿಯೂ ಅಲ್ಲ, ಅವಸರವಾಗಿಯೂ ಅಲ್ಲ. ಮತ್ತೆ ಮಂಡಕ್ಕಿ. ಈ ಬಿಡುವಿನಲ್ಲಿ ಪದಗಾರ್ತಿ ಕಿಟಕಿಯಿಂದ ಚಟ್ಟದ ಹತ್ತಿರ ಬಂದು ಅವ್ವನ ಕೈ ಹಿಡಿದಳು. ಹೇಳಬೇಕೆಂದುಕೊಂಡಿದ್ದು ಬಹಳವಿತ್ತು. ಅವ್ವ ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದಳು. ಅವಳ ಮುಖದಲ್ಲಿ ಎಂದೂ ಇಲ್ಲದ ಒಂದು ಒಪ್ಪಿಗೆ ಇತ್ತು. ಅದನ್ನು ಕೆಡಿಸಬಾರದೆಂದು ಮಗಳು ಏನೂ ಹೇಳಲಿಲ್ಲ.

"ಹೋಗು, ಮುಂದಿನದು ಹೇಳು" ಎಂದು ಅವ್ವನೇ ಅವಳ ಕೈಯನ್ನು ಬಿಡಿಸಿದಳು.

ಅವಳು ಹೋಗಿ ಹೇಳಿದಳು. ತಂಬೂರಿ ತಗ್ಗಿತು. ಕೊನೆಯಲ್ಲಿ ತಾಳ ಒಂದೇ ಸಲ ಸಣ್ಣಗೆ ನುಡಿಯಬೇಕಿತ್ತು. ತಾಳ ತಗೋ, ಎಂದಳು. ಇಡು ಎನ್ನಲು ಬಾಯಿ ಬರಲಿಲ್ಲ. ಸಣ್ಣಾಳುಗಳು ತಾಳವನ್ನು ಎತ್ತಿ ಹಿಡಿದೇ ಅವಳ ಮುಖ ನೋಡಿದರು. ಊರು ನೋಡಿತು. ಆ ಬಿಡುವನ್ನು ಅವಳು ಕಟ್ಟಿರಲಿಲ್ಲ, ಅದಕ್ಕೆ ಮಂಡಕ್ಕಿಯೂ ಇರಲಿಲ್ಲ. ಬಿಸಿಲು ಸ್ವಲ್ಪ ಸರಿಯಿತು.

"ಇಡು" ಎಂದಳು.

ತಾಳ ನುಡಿಯಿತು.

ಅವ್ವ ಒಂದು ಕಣ್ಣು ತೆರೆದಳು. "ಎಲ್ಲಾ ಚೆನ್ನಾಗಿ ಬಂತು ಕಣೇ. ಆ ತಾಳ ಇದೆಯಲ್ಲ, ಅದು ಮಾತ್ರ ಒಂದು ಚೂರು…" ಎಂದಳು, ಹೋದಳು.

ಪದಗಾರ್ತಿ ಓಡಿ ಬಂದು, "ಒಂದು ಚೂರು ಏನು ಅವ್ವಾ? ಜಾಸ್ತಿಯಾಯ್ತಾ? ಕಡಿಮೆಯಾಯ್ತಾ?" ಎಂದು ಭುಜ ಹಿಡಿದು ಕೇಳಿದಳು. ಅವ್ವ ಪೂರ್ತಿ ಸತ್ತಿದ್ದಳು. ಹಾಡು ಅಷ್ಟು ಚೆನ್ನಾಗಿತ್ತು.

ಅಂದು ಮಧ್ಯಾಹ್ನದೊಳಗೆ ಮಾವ, ಬಳೆಗಾರ್ತಿ, ಮೇಷ್ಟ್ರು ಎಲ್ಲರೂ ಸುಖವಾಗಿ ಹೋದರು. ಪದಗಾರ್ತಿ ಈಗಲೂ ಊರಿಗೆ ಹಾಡು ಕಟ್ಟುತ್ತಾಳೆ. ಯಾರಾದರೂ ಸತ್ತಾಗ ಅವಳೇ ಕಿಟಕಿಗೆ ಹೋಗುತ್ತಾಳೆ. ಒಮ್ಮೆ ತಾಳವನ್ನು ಒಂದು ಚೂರು ಮೆಲ್ಲಗೆ ಇಡಿಸುತ್ತಾಳೆ, ಇನ್ನೊಮ್ಮೆ ಒಂದು ಚೂರು ಜೋರಾಗಿ. ಒಮ್ಮೆ ಒಂದು ಚೂರು ಮೊದಲು, ಇನ್ನೊಮ್ಮೆ ಒಂದು ಚೂರು ಆಮೇಲೆ. ಇಡಿಸಿ, ಚಟ್ಟದ ಹತ್ತಿರ ಓಡಿ ಬಂದು, ಸತ್ತವರ ಮುಖವನ್ನು ಬಗ್ಗಿ ನೋಡುತ್ತಾಳೆ. ಎಲ್ಲರೂ ತೃಪ್ತಿಯಿಂದ ಮಲಗಿರುತ್ತಾರೆ. ಅವರಿಂದ ಏನು ತಿಳಿದೀತು? ಅವರಲ್ಲಿ ಯಾರಿಗೂ ಅಷ್ಟು ಕಿವಿಯಿಲ್ಲ.